ನಮ್ಮ ರಸ್ತೆ ಅಗೆಯುತ್ತಿದ್ದಾರೆ. ಸೈಕಲ್‌ಗೆ ಅಂತ ಏನು ಕೇಳೋಣ?

ಹಳೇ ಅಟ್ಲಾಸ್ (ಬೆಂಗಳೂರು) – ಗುರುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಮುಖ್ಯ ರಸ್ತೆಗೆ ವೈಟ್ ಟಾಪಿಂಗ್, ಅಂದರೆ ಕಾಂಕ್ರೀಟ್ ಹೊದಿಕೆ, ಬರುತ್ತಿದೆ. ಬಸ್ ಸ್ಟಾಪಿನಿಂದ ಸರ್ಕಾರಿ ಹೈಸ್ಕೂಲಿನ ತನಕ, ಹೆಚ್ಚು ಕಡಿಮೆ 1.8 ಕಿ.ಮೀ. ಮೊನ್ನೆ ಟೇಪು ಹಿಡಿದು ಅಳತೆಗೆ ಬಂದಿದ್ದ ಎಂಜಿನಿಯರ್ ಹತ್ತಿರ ಹೋಗಿ "ಸೈಕಲ್‌ನವರಿಗೂ ಏನಾದ್ರೂ ಮಾಡಿ ಸಾರ್" ಅಂದೆ. ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. "ಸೋಮವಾರದೊಳಗೆ ಒಂದು ಪುಟ ಬರೆದುಕೊಡಿ. ಒಂದೇ ಪುಟ. ಎರಡಾದರೆ ಫೈಲಿಗೆ ಹೋಗುತ್ತೆ, ನನ್ನ ತಲೆಗೆ ಹೋಗಲ್ಲ" ಅಂದರು.

ನನಗೆ 54 ವರ್ಷ. ಮೂವತ್ತು ವರ್ಷದಿಂದ ಪ್ರೆಸ್ಸಿಗೆ ಸೈಕಲ್ಲಿನಲ್ಲೇ ಹೋಗಿ ಬರುತ್ತೇನೆ. ರಸ್ತೆ ವಿನ್ಯಾಸ ಗೊತ್ತಿಲ್ಲ, ರಸ್ತೆಯಲ್ಲಿ ಬಿದ್ದು ಗೊತ್ತು. ಮೂರು ಸಲ ಬಿದ್ದಿದ್ದೇನೆ. ಒಂದು ಸಲ ಮಳೆನೀರು ಚರಂಡಿಯ ಕಂಬಿಗೆ ಮುಂದಿನ ಚಕ್ರ ಸಿಕ್ಕಿಕೊಂಡಿತು. ಇನ್ನೊಂದು ಸಲ ನಿಲ್ಲಿಸಿದ್ದ ಕಾರಿನ ಬಾಗಿಲು ಧಡ್ ಅಂತ ತೆರೆಯಿತು. ಮೂರನೆಯದು ನನ್ನದೇ ತಪ್ಪು, ಬಿಡಿ.

ಸದ್ಯಕ್ಕೆ ತಲೆಯಲ್ಲಿರುವುದು ಇಷ್ಟು: ಎಡಗಡೆ ಒಂದೂವರೆ ಮೀಟರ್ ಹಸಿರು ಬಣ್ಣ, ಪಕ್ಕದಲ್ಲಿ ಸಾಲಾಗಿ ಪ್ಲಾಸ್ಟಿಕ್ ಕಂಬ. ಇದು ಸಾಕಾ? ರಸ್ತೆ ಕಾಂಪೌಂಡಿನಿಂದ ಕಾಂಪೌಂಡಿಗೆ 18 ಮೀಟರ್ ಇದೆ. ಒಂದು ಕಡೆ ಮುಕ್ಕಾಲು ಪಾಲು ಅಂಗಡಿಗಳು.

ಟಾರು ಜಲ್ಲಿ – ಗುರುವಾರ, ರಾತ್ರಿ 10:15

ಗುತ್ತಿಗೆದಾರರ ಕಡೆ ಸೈಟ್ ಎಂಜಿನಿಯರ್ ಆಗಿ ಹದಿನಾರು ವರ್ಷ ಆಯಿತು. ಸ್ವಲ್ಪ ಕಹಿಯಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ ಸರ್.

ಬಣ್ಣ, ಕಂಬ ಕೇಳಿದರೆ ಖುಷಿಯಿಂದ ಕೊಡುತ್ತಾರೆ. ಅದು ಕೊನೆಯ ದಿನದ ಕೆಲಸ. ಬಿಲ್ ಆಗುತ್ತದೆ, ಫೋಟೋ ಬರುತ್ತದೆ, ಎರಡು ಮಳೆಗಾಲಕ್ಕೆ ಅಳಿಸಿ ಹೋಗುತ್ತದೆ. ಜಯನಗರದಲ್ಲಿ 2012ರ ಸುಮಾರಿಗೆ ಸೈಕಲ್ ಹಾದಿ ಮಾಡಿದ್ದು ನೆನಪಿದೆಯಾ? ನೋಡನೋಡುತ್ತಾ ಪಾರ್ಕಿಂಗ್ ಆಯಿತು. 2020ರಲ್ಲಿ ಕೋವಿಡ್ ಹೊತ್ತಿನಲ್ಲಿ ಹೊರ ವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡಿನಿಂದ ಲೌರಿ ಜಂಕ್ಷನ್ ತನಕ ಸುಮಾರು 17 ಕಿ.ಮೀ. ಪಾಪ್ ಅಪ್ ಲೇನ್, ಅಂದರೆ ತಾತ್ಕಾಲಿಕ ಸೈಕಲ್ ಲೇನ್, ಮಾಡಿದರು. ಉದ್ದೇಶ ಒಳ್ಳೆಯದೇ. ಬೈಕುಗಳು ನುಗ್ಗಿದವು, ಕಂಬಗಳು ಮುರಿದವು, ಆಮೇಲೆ ಮೆಟ್ರೋ ಬ್ಯಾರಿಕೇಡ್ ಬಂತು. ಅಲ್ಲಿಗೆ ಮುಗಿಯಿತು.

ನೀವು ಕೇಳಬೇಕಾದ್ದು ಕಾಂಕ್ರೀಟ್ ಹಾಕುವ ಮುಂಚೆ ಮಾತ್ರ ಸಾಧ್ಯವಾಗುವ ಕೆಲಸಗಳನ್ನು. ವೈಟ್ ಟಾಪಿಂಗ್ ಅಂದರೆ ರಸ್ತೆ ಮೇಲೆ ಆರರಿಂದ ಎಂಟು ಇಂಚು ಕಾಂಕ್ರೀಟ್ ಕೂರುತ್ತದೆ. ಲೆವೆಲ್ ಎಲ್ಲ ಬದಲಾಗುತ್ತದೆ. ಚೇಂಬರ್ ಮುಚ್ಚಳ, ರಸ್ತೆ ಅಂಚಿನ ಕರ್ಬ್ ಕಲ್ಲು, ನೀರು ಹೋಗುವ ಬಾಯಿ, ಅಡ್ಡರಸ್ತೆ ಸೇರುವ ಜಾಗ ಎಲ್ಲಾ ಹೊಸದಾಗಿ ಕೂರಿಸಲೇಬೇಕು. ಆಗ ಹೇಳಿದರೆ ಅದೇ ದುಡ್ಡಿನಲ್ಲಿ ಸರಿಯಾಗಿ ಕೂರುತ್ತದೆ. ಒಂದು ಸಲ ಕಾಂಕ್ರೀಟ್ ಗಟ್ಟಿಯಾದ ಮೇಲೆ ಇಪ್ಪತ್ತು ವರ್ಷ ಯಾರೂ ಮುಟ್ಟಲ್ಲ. ಎಸ್ಟಿಮೇಟ್‌ನಲ್ಲಿ ಇಲ್ಲದ್ದು ರಸ್ತೆಯಲ್ಲಿ ಇರುವುದಿಲ್ಲ, ಇದನ್ನ ಮರೆಯಬೇಡಿ.

ಗಾಲಿಗಂಟು – ಗುರುವಾರ, ರಾತ್ರಿ 10:50

ಅಟ್ಲಾಸ್ ಅಣ್ಣಾ, ಆ ಕಂಬಿ ವಿಷಯ ಮೊದಲ ಸಾಲಿನಲ್ಲಿ ಬರೆಯಿರಿ.

ನಮ್ಮದು ಸೈಕಲ್ ರಿಪೇರಿ ಅಂಗಡಿ, ಅಪ್ಪನ ಕಾಲದ್ದು. ಮಳೆಗಾಲ ಶುರುವಾದರೆ ವಾರಕ್ಕೆ ಒಂದಾದರೂ ಮುಂದಿನ ಚಕ್ರ ಎಂಟರ ಹಾಗೆ ಬೆಂಡ್ ಆಗಿ ಬರುತ್ತದೆ. ಕೇಳಿದರೆ ಒಂದೇ ಉತ್ತರ, ಚರಂಡಿ ಜಾಲರಿ. ಹಳೇ ಸೈಕಲ್ ಟೈರು ಒಂದೂವರೆ ಇಂಚು. ಗೇರ್ ಸೈಕಲ್‌ದು ಕೆಲವು ಒಂದೇ ಇಂಚು. ಜಾಲರಿಯ ಸಂದು ಎರಡು ಇಂಚು, ಅದೂ ಸೈಕಲ್ ಹೋಗುವ ದಿಕ್ಕಿಗೇ ಉದ್ದುದ್ದ ಇರುತ್ತದೆ. ನೀರು ನಿಂತಾಗ ಕಾಣುವುದೂ ಇಲ್ಲ. ಚಕ್ರ ಇಳಿಯುತ್ತದೆ, ಸೈಕಲ್ ನಿಲ್ಲುತ್ತದೆ, ಮನುಷ್ಯ ನಿಲ್ಲುವುದಿಲ್ಲ. ಹೋದ ವರ್ಷ ಪೇಪರ್ ಹಾಕುವ ಹುಡುಗನ ಮುಂದಿನ ಎರಡು ಹಲ್ಲು ಹೋಯಿತು. ರಿಮ್ ನಾನು ನೇರ ಮಾಡಿಕೊಟ್ಟೆ.

ಜಾಲರಿಯನ್ನು ಅಡ್ಡಕ್ಕೆ ತಿರುಗಿಸಿದರೆ ಆಯಿತು. ಚೌಕದ್ದಾದರೆ ಎತ್ತಿ ತಿರುಗಿಸಿ ಇಡಬಹುದು. ಉದ್ದದ್ದಾದರೆ ಮೇಲೆ ನಾಲ್ಕು ಅಡ್ಡಪಟ್ಟಿ ವೆಲ್ಡ್ ಮಾಡಿಸಬೇಕು, ಅರ್ಧ ಗಂಟೆ ಕೆಲಸ.

ಇನ್ನೊಂದು. ನಮ್ಮ ಅಂಗಡಿಗೆ ಬರುವವರು ಯಾರು ಅಂತ ಹೇಳುತ್ತೇನೆ. ವಾಚ್‌ಮನ್‌ಗಳು, ಹಾಲಿನವರು, ಹೋಟೆಲ್ ಹುಡುಗರು, ಬಿಹಾರ–ಒಡಿಶಾದಿಂದ ಬಂದ ಗಾರೆ ಕೆಲಸದವರು. ಅವರ್ಯಾರೂ ಇಲ್ಲಿ ಬರೆಯಲ್ಲ. ಹೆಲ್ಮೆಟ್ ಹಾಕಿಕೊಂಡು ಭಾನುವಾರ ನಂದಿಬೆಟ್ಟಕ್ಕೆ ಹೋಗುವವರು ಬರೆಯುತ್ತಾರೆ. ಅವರೂ ನಮ್ಮ ಗಿರಾಕಿಗಳೇ, ತಪ್ಪು ತಿಳಿಯಬೇಡಿ.

ಉಟ್ರೆಕ್ಟ್ ಕನ್ನಡಿಗ (ಊರು ತಿಪಟೂರು) – ಶುಕ್ರವಾರ, ಬೆಳಿಗ್ಗೆ 1:20

ನೆದರ್‌ಲ್ಯಾಂಡ್ಸ್‌ಗೆ ಬಂದು ಏಳು ವರ್ಷ. "ಅಲ್ಲಿನ ಜನ ಹುಟ್ಟಾ ಸೈಕಲ್ ಸವಾರರು, ನಮ್ಮಲ್ಲಿ ಆಗಲ್ಲ" ಅಂತ ಯಾರಾದರೂ ಬರೆಯುವ ಮುಂಚೆ ಹೇಳಿಬಿಡುತ್ತೇನೆ. ಇಲ್ಲೂ 60ರ ದಶಕದಲ್ಲಿ ಕಾರು ಬಂದು ಸೈಕಲ್ ಮೂಲೆ ಸೇರಿತ್ತು. 1971ರಲ್ಲಿ ರಸ್ತೆಗಳಲ್ಲಿ ಸತ್ತವರು ಸುಮಾರು 3,300. ಅದರಲ್ಲಿ 400ಕ್ಕೂ ಜಾಸ್ತಿ ಮಕ್ಕಳು. 'ಮಕ್ಕಳ ಕೊಲೆ ನಿಲ್ಲಿಸಿ' ಅಂತಲೇ ಚಳವಳಿಗೆ ಹೆಸರಿಟ್ಟು ಜನ ರಸ್ತೆಗೆ ಇಳಿದರು. 1973ರಲ್ಲಿ ತೈಲದ ಬಿಕ್ಕಟ್ಟೂ ಬಂತು. ಅದಾದ ಮೇಲೆ ಶುರುವಾದ ಕೆಲಸ ಇನ್ನೂ ನಡೆಯುತ್ತಲೇ ಇದೆ. ಉಟ್ರೆಕ್ಟ್ ರೈಲು ನಿಲ್ದಾಣದ ಕೆಳಗೆ 12,500 ಸೈಕಲ್ ನಿಲ್ಲಿಸುವ ಜಾಗ ಪೂರ್ತಿಯಾಗಿದ್ದು 2019ರಲ್ಲಿ.

ಬಂದ ಹೊಸತರಲ್ಲಿ ನಾನು ಬಾಯಿ ಬಿಟ್ಟು ನೋಡಿದ್ದು ಕೆಂಪು ಹಾದಿಯನ್ನಲ್ಲ. ಅಡ್ಡರಸ್ತೆ ಬಂದಾಗ ಆ ಹಾದಿ ಏನಾಗುತ್ತದೆ ಅನ್ನುವುದನ್ನು. ನಮ್ಮ ಕಡೆ ಫುಟ್‌ಪಾತ್ ಅಡ್ಡರಸ್ತೆ ಹತ್ತಿರ ಕೆಳಗಿಳಿಯುತ್ತದೆ, ಆಚೆ ಮತ್ತೆ ಹತ್ತುತ್ತದೆ, ಕಾರು ಸಮತಟ್ಟಾಗಿ ನುಗ್ಗುತ್ತದೆ. ಇಲ್ಲಿ ಉಲ್ಟಾ. ಫುಟ್‌ಪಾತ್, ಸೈಕಲ್ ಹಾದಿ ಎರಡೂ ಇರುವ ಮಟ್ಟದಲ್ಲೇ ಮುಂದೆ ಹೋಗುತ್ತವೆ. ಒಳಗೆ ಹೋಗಬೇಕಾದ ಕಾರೇ ಹತ್ತಿ ಇಳಿಯಬೇಕು. ಬೇರೆಯವರ ಮನೆ ಹೊಸ್ತಿಲು ದಾಟುವ ಹಾಗೆ, ನಿಧಾನವಾಗಿ, ಆಚೀಚೆ ನೋಡಿಕೊಂಡು. ಬೋರ್ಡ್ ಬೇಡ, ಪೊಲೀಸ್ ಬೇಡ. ಮೂಲೆಯ ತಿರುವನ್ನೂ ಬಿಗಿಯಾಗಿ ಇಡುತ್ತಾರೆ. ತಿರುವು ಅಗಲ ಬಿಟ್ಟಷ್ಟೂ ಕಾರು ವೇಗವಾಗಿ ತಿರುಗುತ್ತದೆ, ಅಷ್ಟೇ.

ನಿಮ್ಮ ರಸ್ತೆಗೆ ಎಷ್ಟು ಅಡ್ಡರಸ್ತೆ ಸೇರುತ್ತವೆ? ಅಪಾಯ ಇರುವುದು ಅಲ್ಲೇ. ಎರಡು ಅಡ್ಡರಸ್ತೆಗಳ ನಡುವೆ ಎಷ್ಟು ಚೆಂದದ ಹಾದಿ ಮಾಡಿದರೂ ಅದು ಕೂಡುರಸ್ತೆಯಲ್ಲಿ ಮಾಯವಾದರೆ ಏನು ಬಂತು?

ಹಳೇ ಅಟ್ಲಾಸ್ – ಶುಕ್ರವಾರ, ಬೆಳಿಗ್ಗೆ 9:05

ಏಳು ಅಡ್ಡರಸ್ತೆ, ಒಂದು ಸಿಗ್ನಲ್. ಎಣಿಸಿಕೊಂಡು ಬಂದೆ.

ಗಾಲಿಗಂಟು ಹೇಳಿದ ಮೇಲೆ ಇವತ್ತು ಬೆಳಿಗ್ಗೆ 6:30ರಿಂದ 7:30 ತನಕ ಸಿಗ್ನಲ್ ಪಕ್ಕದ ಕಾಫಿ ಗಾಡಿ ಹತ್ತಿರ ನಿಂತು ಸೈಕಲ್ ಎಣಿಸಿದೆ. ಕೆಲಸಕ್ಕೆ ಬಾರದ ಕೆಲಸ ಅಂತ ಹೆಂಡತಿ ನಕ್ಕಳು. 61 ಸೈಕಲ್ ಹೋದವು. ಮೂವತ್ತು ವರ್ಷ ಇದೇ ರಸ್ತೆಯಲ್ಲಿ ಓಡಾಡಿಯೂ ಇಷ್ಟೊಂದು ಜನ ಇದ್ದಾರೆ ಅಂತ ನನಗೇ ಗೊತ್ತಿರಲಿಲ್ಲ. ಕ್ಯಾನ್ ನೇತುಹಾಕಿದ ಹಾಲಿನವರು, ಸೊಪ್ಪಿನ ಬುಟ್ಟಿ ಕಟ್ಟಿಕೊಂಡ ಒಬ್ಬ ಅಜ್ಜ, ರಾತ್ರಿ ಪಾಳಿ ಮುಗಿಸಿ ಹೊರಟ ವಾಚ್‌ಮನ್‌ಗಳು. ಶಾಲೆ ಮಕ್ಕಳು ಬರೀ ನಾಲ್ಕು. ಎಲ್ಲಾ ಗಂಡು ಹುಡುಗರೇ.

2006–07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿದಾಗ ಇದೇ ಹೈಸ್ಕೂಲಿನ ಗೇಟಿನಿಂದ ಸಂಜೆ ಸಾಲುಸಾಲು ಸೈಕಲ್ ಹೊರಗೆ ಬರುತ್ತಿದ್ದವು. ಹೆಣ್ಣುಮಕ್ಕಳ ನಗು ರಸ್ತೆ ತುಂಬ. ಈಗ ಗೇಟಿನ ಮುಂದೆ ಆಟೋ, ವ್ಯಾನ್, ಅಪ್ಪಂದಿರ ಸ್ಕೂಟರ್.

ನಾಲ್ಕನೇ ಬ್ಲಾಕ್ – ಶುಕ್ರವಾರ, ಮಧ್ಯಾಹ್ನ 2:30

ನಾನು ಅಂಗಡಿಯವನು. ಇಲ್ಲಿ ಎಲ್ಲರೂ ಒಂದೇ ರಾಗ ಹಾಡುತ್ತಿದ್ದೀರಿ, ನಂದೂ ಸ್ವಲ್ಪ ಕೇಳಿ.

ಮೇಲೆ ಒಬ್ಬರು ಜಯನಗರದ ಸೈಕಲ್ ಹಾದಿ ಪಾರ್ಕಿಂಗ್ ಆಯಿತು ಅಂದರಲ್ಲ, ಅದರ ಮೇಲೆ ಗಾಡಿ ನಿಲ್ಲಿಸಿದವರಲ್ಲಿ ನಾನೂ ಒಬ್ಬ. ಮುಚ್ಚಿಟ್ಟು ಏನು ಮಾಡಲಿ. ಬೆಳಿಗ್ಗೆ ಒಂಬತ್ತಕ್ಕೆ ಟೆಂಪೋ ಬರುತ್ತದೆ, ಇಪ್ಪತ್ತು ಮೂಟೆ ಇಳಿಸಬೇಕು. ಎಲ್ಲಿ ನಿಲ್ಲಿಸಲಿ? ಹಾದಿ ಮಾಡುವಾಗ ಒಬ್ಬರೂ ಬಂದು "ಲೋಡು ಎಲ್ಲಿ ಇಳಿಸುತ್ತೀರಿ" ಅಂತ ಕೇಳಲಿಲ್ಲ. ಒಂದು ದಿನ ಬೆಳಿಗ್ಗೆ ಬಂದು ನೋಡಿದರೆ ಅಂಗಡಿ ಮುಂದೆ ಗೆರೆ ಎಳೆದಿತ್ತು. ಗಿರಾಕಿ ಕಾರು ನಿಲ್ಲಿಸೋಕೆ ಜಾಗ ಇಲ್ಲ ಅಂದರೆ ಮಾಲ್‌ಗೆ ಹೋಗುತ್ತಾನೆ, ನನ್ನ ಬಾಡಿಗೆ ನೀವು ಕಟ್ಟುತ್ತೀರಾ?

ಟಾರು ಜಲ್ಲಿ – ಶುಕ್ರವಾರ, ಸಂಜೆ 6:10

ನಾಲ್ಕನೇ ಬ್ಲಾಕ್ ಅವರ ಮಾತಿನಲ್ಲಿ ನ್ಯಾಯ ಇದೆ. ಲೋಡಿಂಗ್‌ಗೆ ಜಾಗ ಬಿಡದ ನಕ್ಷೆ ಮೊದಲ ವಾರವೇ ಸೋಲುತ್ತದೆ.

ಊಟದ ಬಿಡುವಿನಲ್ಲಿ ಕೂತು ಲೆಕ್ಕ ಹಾಕಿದೆ. ಅಟ್ಲಾಸ್ ಸರ್ ರಸ್ತೆ 18 ಮೀಟರ್. ಬಸ್ ಓಡಾಡುವುದರಿಂದ ನಡುವಿನ ಗಾಡಿ ರಸ್ತೆಗೆ 7 ಮೀಟರ್ ಬೇಕು, ಆ ಕಡೆ ಮೂರೂವರೆ, ಈ ಕಡೆ ಮೂರೂವರೆ. ಎರಡೂ ಬದಿ ಫುಟ್‌ಪಾತ್ ಎರಡೆರಡು, ಅಲ್ಲಿಗೆ 11. ಎರಡೂ ಬದಿ ಸೈಕಲ್ ಹಾದಿ ಎರಡೆರಡು, 15. ಒಂದೂವರೆ ಮೀಟರ್ ಕೇಳಬೇಡಿ ಸರ್. ಹಾಲಿನ ಕ್ಯಾನ್ ಕಟ್ಟಿದ ಸೈಕಲ್ಲನ್ನ ಇನ್ನೊಬ್ಬ ದಾಟಿ ಹೋಗಬೇಕಲ್ವಾ? ಒಂದು ದಿಕ್ಕಿಗೆ 2 ಮೀಟರ್ ಅನ್ನುವುದೇ ಕನಿಷ್ಠ. ಉಳಿದದ್ದು 3 ಮೀಟರ್. ಅಂಗಡಿ ಸಾಲಿನ ಕಡೆ 2 ಮೀಟರ್ ಪಾರ್ಕಿಂಗ್ ಮತ್ತು ಲೋಡಿಂಗ್, ಅದಕ್ಕೂ ಸೈಕಲ್ ಹಾದಿಗೂ ನಡುವೆ ಕಾರಿನ ಬಾಗಿಲು ತೆರೆಯಲು ಅರ್ಧ ಮೀಟರ್. ಆಚೆ ಬದಿ ಕರ್ಬ್‌ಗೆ ಅರ್ಧ ಮೀಟರ್. ಲೆಕ್ಕ ಮುಟ್ಟಿತು.

ಗಮನಿಸಿ, ಪಾರ್ಕಿಂಗ್ ಬರುವುದು ಗಾಡಿ ರಸ್ತೆ ಪಕ್ಕ. ಸೈಕಲ್ ಹಾದಿ ಅದರ ಒಳಗಡೆ, ಫುಟ್‌ಪಾತ್ ಪಕ್ಕ. ನಿಂತ ಕಾರೇ ಸೈಕಲ್‌ಗೆ ಗೋಡೆ. ಕಂಬ ನೆಡುವ ಖರ್ಚೂ ಉಳಿಯಿತು. ಮರ, ಕರೆಂಟ್ ಕಂಬ, ಟ್ರಾನ್ಸ್‌ಫಾರ್ಮರ್ ಎಲ್ಲ ಆದಷ್ಟೂ ಆ ಪಾರ್ಕಿಂಗ್ ಪಟ್ಟಿಯೊಳಗೇ ಬರಲಿ. ಆದರೆ ಒಂದು ಕಡೆಯ ಪಾರ್ಕಿಂಗ್ ಮಾತ್ರ ಉಳಿಯುತ್ತದೆ, ಎರಡೂ ಕಡೆ ಬೇಕು ಅಂದರೆ ಏನೂ ಆಗಲ್ಲ. ಜಗಳ ಇರುವುದು ಅಲ್ಲೇ. ಎಂಜಿನಿಯರಿಂಗ್ ಸುಲಭ.

ಕುಡ್ಲದವ – ಶುಕ್ರವಾರ, ಸಂಜೆ 6:45

ನಮ್ಮ ಮಂಗಳೂರಿಗೆ ಬನ್ನಿ ಮಾರಾಯ್ರೆ. ಹಾದಿ ಕೊಟ್ಟರೂ ಏರು ಹತ್ತಲಿಕ್ಕೆ ಆಗುವುದಿಲ್ಲ, ನಾಲ್ಕು ತಿಂಗಳು ಮಳೆ ಬೇರೆ. ಬ್ಯಾಟರಿ ಸೈಕಲ್ ತಗೊಂಡ ಮೇಲೆ ನನಗೆ ಏರಿನ ಚಿಂತೆ ಹೋಯಿತು. ಈಗ ಇಳಿಜಾರಿನ ಚಿಂತೆ.

ಸಂಜೆ ಪಾಳಿ – ಶುಕ್ರವಾರ, ರಾತ್ರಿ 11:50

ನಾನು ನರ್ಸ್. ಡ್ಯೂಟಿ ಮುಗಿಯುವುದು ರಾತ್ರಿ ಹತ್ತಕ್ಕೆ. ಮನೆ 3 ಕಿ.ಮೀ. ಸೈಕಲ್ಲಿನಲ್ಲಿ ಬರುತ್ತೇನೆ. ಈಗ ಬಂದು ಊಟ ಮಾಡಿ ಬರೆಯುತ್ತಿದ್ದೇನೆ.

ಅಂಗಡಿ ಇರುವ ರಸ್ತೆಯಲ್ಲೇ ಹಾದಿ ಮಾಡಿ ಅಂತ ಕೇಳಿ ಅಟ್ಲಾಸ್ ಸರ್. ಸೈಕಲ್ ಹಾದಿ ಅಂದ ಕೂಡಲೇ ಎಲ್ಲರೂ ಕೆರೆ ಏರಿ, ರಾಜಕಾಲುವೆ ಪಕ್ಕ, ಪಾರ್ಕಿನ ಹಿಂದೆ ಅಂತ ತೋರಿಸುತ್ತಾರೆ. ಬೆಳಿಗ್ಗೆ ಚೆನ್ನಾಗಿರುತ್ತದೆ. ರಾತ್ರಿ ಹತ್ತಕ್ಕೆ ನಾನು ಅಲ್ಲಿ ಹೋಗಲ್ಲ. ಔಷಧಿ ಅಂಗಡಿಯ ಟ್ಯೂಬ್‌ಲೈಟ್, ಬೇಕರಿ ಮುಂದೆ ನಿಂತ ನಾಲ್ಕು ಜನ, ನನಗೆ ಅದೇ ಧೈರ್ಯ. ಬೀದಿದೀಪದ ಬೆಳಕು ಗಾಡಿ ರಸ್ತೆ ಮೇಲೆ ಮಾತ್ರ ಬೀಳುತ್ತದೆ, ಬದಿಗೆ ಮರದ ನೆರಳು. ಸೈಕಲ್ ಹಾದಿಗೆ ಮರಕ್ಕಿಂತ ಕೆಳಗೆ ಬರುವ ಗಿಡ್ಡ ದೀಪ ಬೇಕು.

ಮತ್ತೆ ಇನ್ನೊಂದು ವಿಷಯ, ಬೈಯಬೇಡಿ. ನಾನು ದಿನಾ ಇನ್ನೂರು ಮೀಟರ್ ರಾಂಗ್ ಸೈಡಿನಲ್ಲಿ ಹೋಗುತ್ತೇನೆ. ನಮ್ಮ ರಸ್ತೆಯಲ್ಲಿ ಮೀಡಿಯನ್ ಇದೆ. ಸರಿ ದಾರಿಯಲ್ಲಿ ಹೋದರೆ ಯೂ ಟರ್ನ್‌ಗೆ ಫ್ಲೈಓವರ್ ಕೆಳಗೆ ಹೋಗಿ ಬರಬೇಕು, ಸುಮಾರು ಒಂದೂವರೆ ಕಿ.ಮೀ. ಸುತ್ತು. ಕಾರಿಗೆ ಅದು ಎರಡು ನಿಮಿಷ. ಹನ್ನೆರಡು ಗಂಟೆ ನಿಂತು ಕೆಲಸ ಮಾಡಿದ ಕಾಲಿಗೆ ಅದು ಬೇರೆ ಲೆಕ್ಕ.

ಉಟ್ರೆಕ್ಟ್ ಕನ್ನಡಿಗ – ಶನಿವಾರ, ಬೆಳಿಗ್ಗೆ 2:00

ಮೇಡಂ, ನೀವು ಹೇಳಿದ್ದಕ್ಕೆ ಬೈಯುವವರು ನಕ್ಷೆ ಬರೆದವರನ್ನ ಬೈಯಬೇಕು. ಎಲ್ಲರೂ ಒಂದೇ ಕಡೆ ರಾಂಗ್ ಸೈಡ್ ಹೋಗುತ್ತಿದ್ದಾರೆ ಅಂದರೆ ಅಲ್ಲೊಂದು ದಾರಿ ಬೇಕಿತ್ತು ಅಂತ ಅರ್ಥ. ಇಲ್ಲಿನ ಸೈಕಲ್ ಕೈಪಿಡಿ ಹಾದಿಗೆ ಇಡುವ ಐದು ಪರೀಕ್ಷೆಗಳಲ್ಲಿ 'ನೇರ ದಾರಿ' ಅನ್ನುವುದೂ ಒಂದು. ಸುತ್ತು ಕಾರಿಗೆ ಇರಲಿ, ಸೈಕಲ್‌ಗೆ ಬೇಡ.

ಸಿಗ್ನಲ್ ಬಗ್ಗೆ ಒಂದು ಮಾತು. ನಮ್ಮಲ್ಲಿ ಬಲಕ್ಕೆ ತಿರುಗಬೇಕಾದ ಸೈಕಲ್ ಬಸ್ಸು ಲಾರಿಗಳ ನಡುವೆ ನುಸುಳಿ ರಸ್ತೆ ಮಧ್ಯಕ್ಕೆ ಹೋಗಬೇಕು. ಅದನ್ನು ಎರಡು ಹೆಜ್ಜೆ ಮಾಡಿ. ಮೊದಲು ನೇರ ದಾಟಿ ಆಚೆ ಮೂಲೆಗೆ ಹೋಗು, ಅಲ್ಲಿ ನಿಲ್ಲಲು ಜಾಗ ಇರಲಿ, ಆ ಕಡೆಯ ಹಸಿರು ಬಂದಾಗ ಮತ್ತೆ ನೇರ ದಾಟು. ಇದಕ್ಕೆ ಬೇಕಾದ್ದು ಮೂಲೆಯಲ್ಲಿ ಒಂದು ಸಣ್ಣ ಕಟ್ಟೆ, ಅದರ ಹಿಂದೆ ನಾಲ್ಕು ಸೈಕಲ್ ನಿಲ್ಲುವಷ್ಟು ಜಾಗ.

ನಾಲ್ಕನೇ ಬ್ಲಾಕ್ – ಶನಿವಾರ, ಬೆಳಿಗ್ಗೆ 10:20

ಎಲ್ಲಾ ಸರಿ, ಬೈಕ್‌ನವರನ್ನ ಏನು ಮಾಡುತ್ತೀರಿ? ಟ್ರಾಫಿಕ್ ಜಾಮ್ ಆದರೆ ಫುಟ್‌ಪಾತ್ ಮೇಲೇ ಹತ್ತಿಸುತ್ತಾರೆ. 2 ಮೀಟರ್ ಖಾಲಿ ಹಾದಿ ಬಿಡುತ್ತಾರಾ? ನೆದರ್‌ಲ್ಯಾಂಡ್ಸ್‌ನಲ್ಲಿ ಇಷ್ಟು ಬೈಕ್ ಎಲ್ಲಿದೆ ಸ್ವಾಮಿ.

ಟಾರು ಜಲ್ಲಿ – ಶನಿವಾರ, ಬೆಳಿಗ್ಗೆ 11:00

ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ, ಇದೆ ಅನ್ನುವವರನ್ನ ನಂಬಬೇಡಿ. ಬೆಂಗಳೂರಿನಲ್ಲಿ ವಾಹನ ಒಂದು ಕೋಟಿ ದಾಟಿವೆ, ಅದರಲ್ಲಿ ಮೂರನೇ ಎರಡು ಪಾಲು ದ್ವಿಚಕ್ರ.

ಎಲ್ಲರೂ ಹೇಳುವುದು ಬೊಲ್ಲಾರ್ಡ್ (ಗಾಡಿ ತಡೆಯುವ ಗಿಡ್ಡ ಕಂಬ) ಹಾಕಿ ಅಂತ. ನಾನೇ ನೂರಾರು ಹಾಕಿಸಿದ್ದೇನೆ. ಸೈಕಲ್ ಹ್ಯಾಂಡಲ್ ಸುಮಾರು 60 ಸೆಂ.ಮೀ., ಸ್ಕೂಟರ್‌ದು 70ರ ಆಸುಪಾಸು. ಸ್ಕೂಟರ್ ತಡೆಯುವಷ್ಟು ಹತ್ತಿರ ಕಂಬ ನೆಟ್ಟರೆ ಹಾಲಿನ ಕ್ಯಾನ್ ಸೈಕಲ್ ಹೋಗಲ್ಲ, ವೀಲ್‌ಚೇರ್ ಹೋಗಲ್ಲ, ಮೂರು ಚಕ್ರದ ತಳ್ಳುಗಾಡಿ ಹೋಗಲ್ಲ. ಅವರು ಮತ್ತೆ ಗಾಡಿ ರಸ್ತೆಗೇ ಇಳಿಯುತ್ತಾರೆ. ಸ್ಕೂಟರ್‌ನವನು ಹೇಗೋ ಓರೆ ಮಾಡಿ ನುಗ್ಗಿಸುತ್ತಾನೆ. ಹಾದಿಯ ಬಾಯಿಗೆ ನಟ್ಟನಡುವೆ ಒಂದೇ ಕಂಬ ಸಾಕು, ಕಾರು ಆಟೋ ನಿಲ್ಲುತ್ತವೆ.

ಬೈಕ್‌ಗೆ ನಾನು ನೋಡಿದ ಮದ್ದು ಒಂದೇ. ಹಾದಿ ಗಾಡಿ ರಸ್ತೆಗಿಂತ ಎತ್ತರದಲ್ಲಿರಬೇಕು, ಅರ್ಧದಲ್ಲಿ ಹತ್ತಲು ಇಳಿಯಲು ಬರದ ಹಾಗೆ ಕರ್ಬ್ ಇರಬೇಕು. ಹೊಕ್ಕರೆ ಮುಂದಿನ ಅಡ್ಡರಸ್ತೆ ತನಕ ಸೈಕಲ್ ಹಿಂದೆ ತೆವಳಬೇಕು. ಲಾಭ ಇಲ್ಲ ಅಂದರೆ ಬರಲ್ಲ. ಬಣ್ಣದ ಲೇನಿಗೆ ನುಗ್ಗುವುದು ಎಲ್ಲಿ ಬೇಕಾದರೂ ಹೊರಗೆ ಬರಬಹುದು ಅಂತಲೇ.

ಒಂಟಿಕೊಪ್ಪಲು (ಮೈಸೂರು) – ಶನಿವಾರ, ಮಧ್ಯಾಹ್ನ 12:40

ನಮ್ಮೂರಲ್ಲಿ 2017ರ ಜೂನ್‌ನಲ್ಲಿ ಟ್ರಿಣ್ ಟ್ರಿಣ್ ಅನ್ನುವ ಬಾಡಿಗೆ ಸೈಕಲ್ ಯೋಜನೆ ಬಂತು. 450 ಸೈಕಲ್, 48 ನಿಲ್ದಾಣ. ಕಾರ್ಡ್ ಉಜ್ಜಿದರೆ ಸೈಕಲ್ ಸಿಗುತ್ತಿತ್ತು. ನಾನೂ ರೈಲ್ವೆ ಸ್ಟೇಷನ್‌ನಿಂದ ಆಫೀಸಿಗೆ ಬಹಳ ದಿನ ಓಡಿಸಿದೆ. ಕುಕ್ಕರಹಳ್ಳಿ ಕೆರೆ ಕಡೆಯ ರಸ್ತೆಯಲ್ಲಿ ಬೆಳಿಗ್ಗೆ ಹೋಗುವುದೇ ಒಂದು ಸುಖ. ಆದರೆ ಸರ್ಕಲ್ ಬಂದರೆ ಸುಖ ಮುಗಿಯಿತು, ಬಸ್ಸಿನ ಪಕ್ಕದಲ್ಲಿ ಜೀವ ಹಿಡಿದುಕೊಂಡು ಸುತ್ತಬೇಕು. ಸೈಕಲ್ ಮೊದಲು ಬಂತು, ಹಾದಿ ಅದರ ಹಿಂದೆ ಬರಲಿಲ್ಲ.

ಉಣಕಲ್ ದಂಡಿ (ಹುಬ್ಬಳ್ಳಿ) – ಶನಿವಾರ, ಮಧ್ಯಾಹ್ನ 1:30

ನಮ್ಮಲ್ಲಿ ಉಣಕಲ್ ನಾಲಾ ಬಾಜೂಕ ಹಸಿರು ಹಾದಿ ಮಾಡ್ಯಾರ್ರೀ. ಚಲೋ ಆಗೇದ. ಮೊದಲು ಮೂಗು ಮುಚ್ಚಿಕೊಂಡು ಹೋಗುತ್ತಿದ್ದ ಜಾಗದಾಗ ಈಗ ಮಕ್ಕಳು ಸೈಕಲ್ ಕಲೀತಾರ. ಆದ್ರ ನನ್ನ ಆಫೀಸು ನಾಲಾದ ಮ್ಯಾಲೆ ಇಲ್ಲಲ್ಲ! ಹೈದರಾಬಾದಿನ ರಿಂಗ್ ರೋಡಿಗೆ 2023ರಾಗ 23 ಕಿ.ಮೀ. ಹಾದಿ ಮಾಡಿ ಮ್ಯಾಲೆ ಸೋಲಾರ್ ಚಪ್ಪರ ಹಾಕ್ಯಾರ. ನೋಡಿದ್ರ ಕಣ್ಣು ತುಂಬತದ. ಅದು ಮುಂಜಾನೆ ವ್ಯಾಯಾಮಕ್ಕ. ಕಾಯಿಪಲ್ಯ ತರಾಕ ಯಾರು ರಿಂಗ್ ರೋಡಿಗೆ ಹೋಗ್ತಾರ?

ಉಟ್ರೆಕ್ಟ್ ಕನ್ನಡಿಗ – ಶನಿವಾರ, ಸಂಜೆ 4:15

ದಂಡಿಯವರು ಹೇಳಿದ್ದಕ್ಕೆ ಸೇರಿಸುತ್ತೇನೆ. ಸ್ಪೇನ್ ದೇಶದ ಸೆವಿಲ್ ಊರಿನಲ್ಲಿ ಬೇಸಿಗೆಗೆ 40 ಡಿಗ್ರಿ. ಸೈಕಲ್ಲಿನವರು ಅಲ್ಲೊಬ್ಬ ಇಲ್ಲೊಬ್ಬ. 2006ರಿಂದ ಒಂದೆರಡು ವರ್ಷದೊಳಗೆ ಸುಮಾರು 80 ಕಿ.ಮೀ. ಹಾದಿಯನ್ನು ಒಂದೇ ಏಟಿಗೆ ಮಾಡಿದರು, ಒಂದಕ್ಕೊಂದು ಸೇರುವ ಹಾಗೆ, ಕರ್ಬ್ ಹಾಕಿ ಬೇರೆ ಮಾಡಿ. 2010ರ ಹೊತ್ತಿಗೆ 120 ಕಿ.ಮೀ. ಆಯಿತು. ಸೈಕಲ್ ಓಡಾಟ ಹತ್ತು ಪಟ್ಟಿನ ಹತ್ತಿರ ಏರಿತು. ತುಂಡು ತುಂಡಾಗಿ ಮಾಡಿದ್ದರೆ ಆಗುತ್ತಿರಲಿಲ್ಲ. ಅಟ್ಲಾಸ್ ಸರ್‌ಗೆ ಇರುವುದು 1.8 ಕಿ.ಮೀ. ಮಾತ್ರ, ಗೊತ್ತು. ಅದರ ಎರಡು ತುದಿ ಬಸ್ ಸ್ಟಾಪ್ ಮತ್ತು ಶಾಲೆ. ಅಲ್ಲಿ ಬಿಟ್ಟುಹೋಗದ ಹಾಗೆ ನೋಡಿಕೊಳ್ಳಿ. ಬಸ್ ಸ್ಟಾಪ್ ಹತ್ತಿರ ಸೈಕಲ್ ಕಟ್ಟಿಹಾಕಲು ನಾಲ್ಕು ಕಬ್ಬಿಣದ ಬಳೆ ಇದ್ದರೆ ಅದೂ ಒಂದು ಹಾದಿಯೇ.

ಒಳಗಿನ ಅಡ್ಡರಸ್ತೆಗಳಿಗೆ ಲೇನ್ ಕೇಳಲೇಬೇಡಿ. ಅಲ್ಲಿ ಗಂಟೆಗೆ 30 ಕಿ.ಮೀ. ಮೀರದ ಹಾಗೆ ಮಾಡಿದರೆ ಸೈಕಲ್ ಎಲ್ಲರ ಜೊತೆ ಹೋಗುತ್ತದೆ. ಮಲ್ಲೇಶ್ವರದ ಕನ್ಸರ್ವೆನ್ಸಿ ಗಲ್ಲಿಗಳನ್ನು (ಮನೆಗಳ ಹಿಂಬದಿಯ ಸಣ್ಣ ಓಣಿಗಳು) ನೋಡಿದಾಗಲೆಲ್ಲ ಅನ್ನಿಸುತ್ತದೆ, ಇಂಥವು ಇಲ್ಲಿ ಸಿಕ್ಕಿದ್ದರೆ ಡಚ್ಚರು ಹಬ್ಬ ಮಾಡುತ್ತಿದ್ದರು.

ಟಾರು ಜಲ್ಲಿ – ಶನಿವಾರ, ರಾತ್ರಿ 8:30

ಪುಟ ಬರೆಯುವಾಗ ಒಂದು ಉಪಾಯ. ಪರಿಸರ, ಆರೋಗ್ಯ, ಇಂಗಾಲ ಅಂತ ಪೀಠಿಕೆ ಬೇಡ. ಕಾಗದಕ್ಕೆ ನಮ್ಮ ದೇಶದಲ್ಲಿ ಬರ ಇಲ್ಲ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೇ ವಾಹನ ಅಲ್ಲ, ಜನ ಸಾಗಬೇಕು ಅಂದಿದೆ. 2021ರಲ್ಲಿ ಕೇಂದ್ರದ ಸೈಕಲ್ ಸ್ಪರ್ಧೆಯಲ್ಲಿ ಗೆದ್ದ 11 ನಗರಗಳಲ್ಲಿ ಬೆಂಗಳೂರೂ ಇತ್ತು. ಇದನ್ನೆಲ್ಲ ಹೇಳಿದರೆ ಎಂಜಿನಿಯರ್ ತಲೆ ಅಲ್ಲಾಡಿಸಿ ಕಾಫಿ ತರಿಸುತ್ತಾರೆ. "ಐಆರ್‌ಸಿ 11, 2015" ಅಂತ ಬರೆಯಿರಿ. ಸೈಕಲ್ ಹಾದಿಗೆ ಅಂತಲೇ ಇರುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಪುಸ್ತಕ ಅದು. ಅವರ ಕಪಾಟಿನಲ್ಲೇ ಇರುತ್ತದೆ. ಅದರ ಹೆಸರು ಬಂದರೆ ಬೇಡ ಅನ್ನಲು ಕಾರಣ ಬರೆಯಬೇಕಾಗುತ್ತದೆ.

ಹಳೇ ಅಟ್ಲಾಸ್ – ಭಾನುವಾರ, ರಾತ್ರಿ 10:05

ಬರೆದೆ. ಮೂರು ಸಲ ಹರಿದೆ. ಪ್ರೆಸ್ಸಿನ ಅಭ್ಯಾಸ, ಒಂದು ಪುಟ ಅಂದರೆ ಒಂದೇ ಪುಟ.

ಮೊದಲ ಸಾಲು ಜಾಲರಿ: ಇರುವವು 26, ಎಲ್ಲವೂ ಅಡ್ಡಕ್ಕೆ. ಚೇಂಬರ್ ಮುಚ್ಚಳ ರಸ್ತೆ ಮಟ್ಟಕ್ಕೆ. ಆಮೇಲೆ ಏಳೂ ಅಡ್ಡರಸ್ತೆಗಳ ಬಾಯಿಗೆ ಎತ್ತರದ ದಾಟು, ಫುಟ್‌ಪಾತ್ ಮಟ್ಟದಲ್ಲಿ. ಅದಾದ ಮೇಲೆ ಟಾರು ಜಲ್ಲಿಯವರ 18 ಮೀಟರ್ ಲೆಕ್ಕ, ಚಿತ್ರದ ಸಮೇತ. ಚಿತ್ರದಲ್ಲಿ ಬೆಳಿಗ್ಗೆ ಹನ್ನೊಂದರ ತನಕ ಲೋಡಿಂಗ್ ಜಾಗ ಅಂತ ಗುರುತು ಹಾಕಿದ್ದೇನೆ, ನಾಲ್ಕನೇ ಬ್ಲಾಕ್ ಅವರ ಹೆಸರಿನಲ್ಲಿ. ಸಿಗ್ನಲ್ ಮೂಲೆಯ ಕಟ್ಟೆ, ಗಿಡ್ಡ ದೀಪ, ಕಬ್ಬಿಣದ ಬಳೆ. ಕೆಳಗೆ ಒಂದೇ ಸಾಲು: "ಶುಕ್ರವಾರ ಬೆಳಿಗ್ಗೆ ಒಂದು ಗಂಟೆಯಲ್ಲಿ ಸಿಗ್ನಲ್ ದಾಟಿದ ಸೈಕಲ್ 61." ಐಆರ್‌ಸಿ ಅಂತ ಎರಡು ಕಡೆ ಬರೆದಿದ್ದೇನೆ, ದಪ್ಪಕ್ಷರದಲ್ಲಿ.

ನಾಲ್ಕನೇ ಬ್ಲಾಕ್ – ಭಾನುವಾರ, ರಾತ್ರಿ 10:30

ಹನ್ನೊಂದು ಅಲ್ಲ, ಹನ್ನೊಂದೂವರೆ ಮಾಡಿ. ಟೆಂಪೋದವನು ಯಾವತ್ತೂ ಲೇಟು.

ಹಳೇ ಅಟ್ಲಾಸ್ – ಆರು ವಾರದ ನಂತರ, ಬುಧವಾರ, ಬೆಳಿಗ್ಗೆ 8:15

ಹೇಗಾಯಿತು ಅಂತ ಕೆಲವರು ಕೇಳಿದ್ದಿರಿ. ತಡವಾಯಿತು, ಕ್ಷಮಿಸಿ.

ಎಂಜಿನಿಯರ್ ನಿಜವಾಗಲೂ ಓದಿದರು. ಕೆಂಪು ಪೆನ್ನು ಹಿಡಿದು ನನ್ನೆದುರೇ ಗೆರೆ ಹೊಡೆಯುತ್ತಾ ಓದಿದರು. 18 ಮೀಟರ್ ಚಿತ್ರಕ್ಕೆ ಉದ್ದಕ್ಕೊಂದು ಗೆರೆ. "ಒಂದು ಕಡೆ ಪಾರ್ಕಿಂಗ್ ತೆಗೆಯೋದು ನನ್ನ ಕೈಲಿಲ್ಲ, ಮೇಲಿನವರು ಒಪ್ಪಬೇಕು." ಗಿಡ್ಡ ದೀಪ ಬೇರೆ ಇಲಾಖೆ. ಸಿಗ್ನಲ್ ಕಟ್ಟೆ ಟ್ರಾಫಿಕ್‌ನವರು ಹೇಳಬೇಕು. ಏಳು ಅಡ್ಡರಸ್ತೆಯಲ್ಲಿ ಎರಡಕ್ಕೆ ಎತ್ತರದ ದಾಟು ಒಪ್ಪಿದರು, ಶಾಲೆ ಹತ್ತಿರದ್ದು. ಅಂಗಡಿ ಮುಗಿದ ಮೇಲೆ ಶಾಲೆ ಗೇಟಿನ ತನಕ 400 ಮೀಟರ್ ಇದೆಯಲ್ಲ, ಅಲ್ಲಿ ಕರ್ಬ್ ಮೇಲೆ 2 ಮೀಟರ್ ಹಾದಿ ಹಾಕುತ್ತೇವೆ ಅಂದರು. ಹಾಕುತ್ತಿದ್ದಾರೆ. 400 ಮೀಟರ್ ತುಂಡು ಹಾದಿ ಅಂತ ಉಟ್ರೆಕ್ಟ್ ಅವರು ಬೈಯಬಹುದು. ಒಂದು ತುದಿಯಾದರೂ ಶಾಲೆಗೆ ಮುಟ್ಟಿದೆ.

ಜಾಲರಿ ಪೂರ್ತಿ ಒಪ್ಪಿದರು. "ಇದಕ್ಕೆ ಯಾರ ಸಹಿಯೂ ಬೇಡ" ಅಂದರು. ಸೋಮವಾರ ವೆಲ್ಡಿಂಗ್‌ನವರು ಬಂದರು, ನಿನ್ನೆ ಸಂಜೆಗೆ ನಮ್ಮ ಕಡೆಯ 13 ಮುಗಿದಿತ್ತು. ಇವತ್ತು ಬೆಳಿಗ್ಗೆ ಪ್ರೆಸ್ಸಿಗೆ ಹೊರಟಾಗ ಮುಂದೆ ಹಾಲಿನವನು ಹೋಗುತ್ತಿದ್ದ. ನಾನು ಬಿದ್ದಿದ್ದ ಅದೇ ಜಾಲರಿ. ಅವನು ಕ್ಯಾನ್ ಗಡಗಡ ಅನ್ನಿಸಿಕೊಂಡು ಅದರ ಮೇಲೇ ನೇರ ಹೋದ. ನಾನು ಮಾತ್ರ ಅಭ್ಯಾಸ ಬಲದಿಂದ ಬಲಕ್ಕೆ ಎಳೆದೆ, ಹಿಂದಿನ ಆಟೋದವನು ಬೈದ.

ಗಾಲಿಗಂಟು – ಬುಧವಾರ, ಬೆಳಿಗ್ಗೆ 8:40

ಅಣ್ಣಾ, ಪಟ್ಟಿಗಳ ನಡುವಿನ ಸಂದು ಅಳೆದು ಹೇಳಿ. ಮತ್ತೆ ಫೋಟೋ ಹಾಕಿ, ನಮ್ಮ ಕಡೆಯ ಎಂಜಿನಿಯರ್‌ಗೆ ತೋರಿಸಬೇಕು.